ಕಣ್ಣು ಮಿಟುಕಿಸುವಷ್ಟು ತಡ

ಚೆನ್ನಾಗಿ ಓಡುತ್ತಿದ್ದ ಹಳೆಯ ವಿಡಿಯೋ ಆಟದ ಪೆಟ್ಟಿಗೆಯಿಂದ ಅದರ ಅಸಲಿ ಸರ್ಕ್ಯೂಟ್ ಬೋರ್ಡನ್ನು ಅಣ್ಣ ಬಿಚ್ಚಿಕೊಂಡ. ಹಳೆಯ ಆಟಗಳನ್ನು ನಕಲು ಮಾಡಿ ಓಡಿಸುವ, ಅಂಗೈಯಗಲದ ಹೊಸ ಬೋರ್ಡೊಂದನ್ನು ಅದರ ಜಾಗದಲ್ಲಿ ಕೂರಿಸಿದ. ಪೆಟ್ಟಿಗೆ ತಂದವನಿಗೆ ಹೇಳಲಿಲ್ಲ. ಅಸಲಿ ಬೋರ್ಡಿಗೆ ಬೇರೆ ಊರಿನ ಗಿರಾಕಿಯೊಬ್ಬ ಸಿಕ್ಕಿದ್ದ.

ಮುಚ್ಚಳ ಮುಚ್ಚಿ ಆರು ಸ್ಕ್ರೂ ಬಿಗಿದವಳು ತಂಗಿ. ಅವಳಿಗೆ ಎಲ್ಲ ಗೊತ್ತಿತ್ತು.

ಗೊತ್ತಿದ್ದೂ ಏನೂ ಅನ್ನಿಸಲಿಲ್ಲ...

ಅವಳಿಗೆ ಏನಾದರೂ ಅನ್ನಿಸಿ ಬಹಳ ದಿನವಾಗಿತ್ತು. ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಗೆ ಬರುವುದು. ಹಳದಿಗಟ್ಟಿದ ಪ್ಲಾಸ್ಟಿಕ್ ಕವಚಗಳನ್ನು ಸೋಪು ನೀರಲ್ಲಿ ತೊಳೆಯುವುದು. ಕೂದಲಿಗೆ ಬಣ್ಣ ಹಾಕುವವರ ಪೆರಾಕ್ಸೈಡ್ ಕ್ರೀಮನ್ನು ಬ್ರಶ್ಶಿನಿಂದ ಬಳಿದು, ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಮತ್ತೆ ಬೆಳ್ಳಗಾಗಲೆಂದು ನೇರಳೆ ದೀಪದಡಿ ಇಡುವುದು. ಹಾಳೆಯಲ್ಲಿ ಒಂದು ಸುಕ್ಕು ಉಳಿದರೂ ಕವಚದ ಮೇಲೆ ಪಟ್ಟೆ ಬೀಳುತ್ತದೆ. ಗಂಟೆಗೊಮ್ಮೆ ಸವರಿ ನೋಡಬೇಕು. ಗ್ಲೌಸ್ ಹಾಕಿದರೆ ಸುಕ್ಕು ಕೈಗೆ ಸಿಗುವುದಿಲ್ಲ. ಹಾಗಾಗಿ ಅವಳ ಬೆರಳ ತುದಿಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು.

ಅಂಗಡಿ ಅಣ್ಣನದು. ಹೊರಗಿನ ಫಲಕದ ಮೇಲಿನ ಹೆಸರೂ ಅಣ್ಣನದು. ಬೆರಳು ಮಾತ್ರ ಅವಳದು.

ಆ ಬೆರಳುಗಳನ್ನು ಸರಿಯಾಗಿ ನೋಡಿದ ಮೊದಲನೆಯವನು ಆ ಪೆಟ್ಟಿಗೆ ತಂದವನೇ!

ಲಿಫ್ಟ್ ರಿಪೇರಿಯವನು. ಮೂರು ವಾರದ ಹಿಂದೆ ಹಳದಿ ಪೆಟ್ಟಿಗೆಯನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಅವಳು ಕೈ ಚಾಚಿದಳು. ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅವಳ ಮಣಿಕಟ್ಟು ಹಿಡಿದ.

“ಏನ್ರೀ ಇದು! ಸುಟ್ಟುಕೊಂಡ್ರಾ?”

“ಇಲ್ಲ. ಕ್ರೀಮಿಂದ. ನೋವಿಲ್ಲ.”

“ನೋವಿಲ್ವೋ, ನೋವಾಗೋದು ಗೊತ್ತಾಗ್ತಿಲ್ವೋ?”

ಅವಳು ಕೈ ಎಳೆದುಕೊಂಡಳು.

“ತಪ್ಪು ತಿಳ್ಕೋಬೇಡಿ...” ಅವನು ಕೆಂಪಾದ. “ಇದು ಅಮ್ಮಂದು. ಟೈಲರ್ ಆಗಿದ್ದೋಳು, ಕೈ ಸುಮ್ನಿರಲ್ಲ. ಇಪ್ಪತ್ತು ವರ್ಷದಿಂದ ಇದರಲ್ಲಿ ಒಂದೇ ಆಟ. ಮೇಲಿಂದ ಬೀಳೋ ಇಟ್ಟಿಗೆ ಜೋಡಿಸೋದು. ಒಳಗೆ ಎಲ್ಲ ಸರಿಯಿದೆ. ಮೈ ಒಂದು ಬಿಳಿ ಮಾಡಿಕೊಡಿ.”

ಆಮೇಲೆ ಎರಡು ದಿನಕ್ಕೊಮ್ಮೆ ಬಂದು ನಿಲ್ಲತೊಡಗಿದ.

“ಆಯ್ತಾ?”

“ಇನ್ನೂ ಇಲ್ಲ.”

“ನಿಧಾನ ಮಾಡಿ. ದಿನವಿಡೀ ಮೇಲೆ ಹೋಗೋನು ನಾನು, ಆದ್ರೂ ಬದುಕಲ್ಲಿ ಮೇಲೆ ಬಂದಿಲ್ಲ. ನಿಮಗ್ಯಾಕೆ ಅವಸರ?”

ಅವಳಿಗೆ ನಗು ಬರಲಿಲ್ಲ. ಆದರೆ ಎಲ್ಲಿಂದಲೋ ಹೊರಟಿತ್ತು...

ಕೊನೆಗೆ ಪೆಟ್ಟಿಗೆ ಬೆಳ್ಳಗಾಯಿತು, ಬೋರ್ಡು ಬದಲಾಯಿತು. ಅದನ್ನು ಅವನ ಕೈಗಿಟ್ಟು ‘ಎಲ್ಲ ಸರಿಯಿದೆ’ ಅಂದಳು.

ನಾಲ್ಕು ದಿನ ಕಳೆದು ಅವನು ಮತ್ತೆ ಬಂದ.

“ಥ್ಯಾಂಕ್ಸ್ ಹೇಳೋಣ ಅಂತ. ಪೆಟ್ಟಿಗೆ ಹಾಲಿನ ಹಾಗಿದೆ!”

“ಅಮ್ಮ ಆಡ್ತಿದ್ದಾರಾ?”

ಅವಳಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅವನ ಮುಖ ಇಳಿಯಿತು.

“ಬಿಟ್ಟುಬಿಟ್ಟಳು. ಗುಂಡಿ ಒತ್ತೋದ್ರೊಳಗೆ ಇಟ್ಟಿಗೆ ಬಿದ್ದುಹೋಗುತ್ತಂತೆ. ‘ನನ್ನ ಕೈ ಹೋಯ್ತು ಕಣೋ’ ಅಂದಳು. ಈಗ ಸೂಜಿಗೆ ದಾರ ಪೋಣಿಸೋಕೂ ಹೆದರ್ತಾಳೆ. ಲೋಟ ಹಿಡಿಯೋಕೂ ಎರಡು ಕೈ... ವಯಸ್ಸಾಯ್ತಲ್ವಾ.”

ಅವಳು ಬ್ರಶ್ ಹಿಡಿದೇ ನಿಂತಳು.

ನಕಲಿ ಬೋರ್ಡು ಸ್ವಲ್ಪ ತಡ. ಗುಂಡಿ ಒತ್ತುವುದಕ್ಕೂ ಪರದೆ ಕದಲುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊಸಬರಿಗೆ ತಿಳಿಯುವುದಿಲ್ಲ. ಅಣ್ಣ ನೆಚ್ಚಿಕೊಂಡಿದ್ದು ಅದನ್ನೇ.

‘ಅವರ ಕೈ ಹೋಗಿಲ್ಲ. ಚೆನ್ನಾಗಿರೋದ್ರಿಂದಲೇ ಆ ತಡ ಗೊತ್ತಾಗಿದೆ!’

ಮೋಸ ಮಾಡಿದ್ದು ಅಂಗಡಿ. ತಪ್ಪನ್ನು ಮೈಮೇಲೆ ಹಾಕಿಕೊಂಡಿದ್ದು, ಜೀವನಪೂರ್ತಿ ಊರಿನವರ ಬಟ್ಟೆ ಹೊಲಿದ ಎರಡು ಕೈ.

“ನಿಮ್ಮಮ್ಮನ ಕೈ ಸರಿಯಾಗಿದೆ,” ಅಂದಳು. “ಒಳಗಿರೋ ಬೋರ್ಡು ಅವರದಲ್ಲ. ಅಣ್ಣ ಬದಲಾಯಿಸಿದ. ಸ್ಕ್ರೂ ಹಾಕಿದ್ದು ನಾನು.”

ಅವನು ಅರ್ಥವಾಗದೆ ನೋಡಿದ. ನಿಧಾನಕ್ಕೆ ಅರ್ಥವಾಯಿತು.

“ನನ್ನ ಮುಖ ನೋಡಿ ‘ಎಲ್ಲ ಸರಿಯಿದೆ’ ಅಂದ್ರಿ...”

“ಅಂದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು! ತಲೆ ಅಲ್ಲಾಡಿಸಿ ಹೊರಟುಹೋದ.

ಅವಳಿಗೆ ಅಳು ಬರಲಿಲ್ಲ. ಕೈ ತೊಳೆದಳು. ಕೊರಿಯರ್‌ಗೆ ಕಾಯುತ್ತಿದ್ದ ಅಸಲಿ ಬೋರ್ಡಿನ ಪಾರ್ಸೆಲನ್ನು ಶೆಲ್ಫಿನಿಂದ ಇಳಿಸಿದಳು. ಸ್ಕ್ರೂಡ್ರೈವರ್ ಜೊತೆ ಅದನ್ನೂ ಚೀಲಕ್ಕೆ ಹಾಕಿ, ರಿಪೇರಿ ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ನಡೆದಳು.

ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು.

“ಹತ್ತಿ ಬಂದ್ಯಾ ಮಗಳೇ?” ಬಾಗಿಲು ತೆಗೆದ ಅಮ್ಮ ಅಂದರು. “ಊರಿನ ಲಿಫ್ಟೆಲ್ಲ ಓಡಿಸ್ತಾನೆ ನನ್ನ ಮಗ. ಸ್ವಂತ ಮನೇದು ಮಾತ್ರ ನಾಳೆ, ನಾಳೆ...”

ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಅವಳು ನೆಲದ ಮೇಲೆ ಕೂತಳು. ಪೆಟ್ಟಿಗೆ ಬಿಚ್ಚಿದಳು. ನಕಲಿ ಹೊರಗೆ, ಅಸಲಿ ಒಳಗೆ.

“ಬೇಡ ಮಗಳೇ... ನನ್ನ ಕೈಲಾಗಲ್ಲ.”

“ಒಂದ್ಸಲ ಒತ್ತಿ ಅಮ್ಮಾ.”

ಅಮ್ಮ ಒತ್ತಿದರು. ಇಟ್ಟಿಗೆ ತಿರುಗಿತು. ಇನ್ನೊಂದು. ಒಂದು ಸಾಲು ಅಳಿಯಿತು, ಮತ್ತೊಂದು... ಅಮ್ಮನ ಬೆನ್ನು ನೆಟ್ಟಗಾಯಿತು.

“ಲೋ! ನಾನು ಸರಿಯಾಗೇ ಇದ್ದೀನಿ ಕಣೋ!”

ಅವಳ ಫೋನು ಹೊಡೆದುಕೊಂಡಿತು. ಅಣ್ಣ.

“ಪಾರ್ಸೆಲ್ ಎಲ್ಲೇ?”

“ಯಾರ ಬೋರ್ಡೋ ಅವರಿಗೇ ಕೊಟ್ಟೆ.”

“ತಲೆ ಕೆಟ್ಟಿದೆಯಾ ನಿಂಗೆ! ಇಷ್ಟು ವರ್ಷ ಸಾಕಿದ್ದಕ್ಕೆ ಇದಾ?”

“ಅಂಗಡೀನ ಸಾಕಿದ್ದು ನಾನು ಅಣ್ಣಾ.”

ಫೋನು ಇಟ್ಟಳು. ಮೆಟ್ಟಿಲ ಬಳಿ ಬಂದಾಗ ಅವನು ಹಿಂದೆಯೇ ಬಂದ.

“ಸಿಟ್ಟು ಇನ್ನೂ ಇದೆಯಾ?” ಕೇಳಿದಳು.

“ಇದೆ. ನಾಳೇನೂ ಇರುತ್ತೆ.” ಅವನು ಗೋಡೆಗೊರಗಿದ. “ಆದ್ರೆ ಎರಡು ದಿನಕ್ಕೊಮ್ಮೆ ಬರ್ತಿದ್ದದ್ದು ಪೆಟ್ಟಿಗೆ ನೋಡೋಕಲ್ಲ. ಅದೂ ಇದೆ.”

“ನನಗೀಗ ಖುಷಿ, ದುಃಖ ಏನೂ ಅಂಟಲ್ಲ ರೀ. ಸುಳ್ಳು ಹೇಳಲ್ಲ... ನಿಮ್ಮ ಹೆಜ್ಜೆ ಕೇಳಿದಾಗ ಮಾತ್ರ ಕೆಲಸ ನಿಲ್ಲಿಸ್ತಿದ್ದೆ.”

“ಅಷ್ಟು ಸಾಕು ನಂಗೆ.”

“ಅಷ್ಟೇ ಇರೋದು.”

“ಸಾಕು ಅಂದ್ನಲ್ಲ.”

ಮತ್ತೆ ಅಣ್ಣನ ಫೋನು. “ಕೊಡಿ, ನಾನು ಮಾತಾಡ್ತೀನಿ,” ಅಂತ ಅವನು ಕೈ ಚಾಚಿದ. ಅವಳು ಕೊಡದೆ ತಾನೇ ಎತ್ತಿದಳು.

“ಕೊನೇ ಸಲ ಹೇಳ್ತಿದ್ದೀನಿ,” ಅಣ್ಣನ ದನಿ ಮೆಟ್ಟಿಲಿಗೆಲ್ಲ ಕೇಳಿಸಿತು. “ಬೋರ್ಡು ಬಿಚ್ಕೊಂಡು ಈಗಲೇ ಬಾ!”

“ಬಿಚ್ಚಲ್ಲ ಅಣ್ಣಾ,” ಅಂದಳು ಅವಳು. “ಬರೋದೂ ಇಲ್ಲ.”