ತೊಟ್ಟಿಲ ಮುಂದಿನ ಮಸುಕು ಫೋಟೊ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೂಲಿಯ ಶಂಕ್ರೆಪ್ಪ ಸವದತ್ತಿ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವಾಗ ಕೂಸಿನ ನಡುವಿನಲ್ಲಿದ್ದ ಹಳೆಯ ಬೆಳ್ಳಿ ಉಡದಾರ ಕಾಣೆಯಾಗಿತ್ತು. ಹೆಂಗಸರಿಗೆ ಬಳೆ ಇಡಿಸಲು ಬಂದು ತೊಟ್ಟಿಲ ಪಕ್ಕದಲ್ಲೇ ಕುಳಿತಿದ್ದ ಖತಿಜಾಬಿಯ ಮೇಲೆ ಮನೆಮಂದಿಗೆಲ್ಲ ಅನುಮಾನ.

ಪಿಎಸ್ಐ ಸುಭಾಸ ಎಫ್ಐಆರ್ ದಾಖಲಿಸಿ ಆಕೆಯನ್ನು ಕರೆಸಿದರು.

"ಕೂಸನ್ನ ಮುಟ್ಟಿದ್ರೇನು?"

"ಇಲ್ರಿ ಸಾಹೇಬ್ರ. ಮದುವ್ಯಾಗಿ ಬಂದಾಗಿಂದ ಈ ಊರಾಗ ಬಳಿ ಇಡಸ್ತೇನ್ರಿ. ಕಳ್ಳಿ ಅನಿಸಿಕೊಂಡ್ರ ಇನ್ನ ಯಾವ ಮನ್ಯಾಗ ನನ್ನ ಒಳಗ ಕರೀತಾರ್ರಿ?"

ಮಧ್ಯಾಹ್ನದ ಹೊತ್ತಿಗೆ ಸುಭಾಸ, ಹೆಡ್ ಕಾನ್‌ಸ್ಟೇಬಲ್ ದುರ್ಗಪ್ಪ ಹೂಲಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ನಡುಮನೆಗೆ ಕಿಟಕಿಯೇ ಇಲ್ಲ, ಹಗಲಲ್ಲೂ ಮಬ್ಬು.

"ನಿನ್ನೆ ಯಾರಾದ್ರೂ ಫೋಟೊ ತಗದೀರೇನು?" ಸುಭಾಸ ಕೇಳಿದರು.

ಕೂಸಿನ ಸೋದರಮಾವ ಬಾಳೇಶ ಮೊಬೈಲ್ ಮುಂದಿಟ್ಟ. "ತಗದೇನ್ರಿ. ಎಲ್ಲಾ ಕೆಟ್ಟಾವು. ಕೂಸಿನ ಕಣ್ಣಿಗೆ ಬಡೀತೈತಿ ಅಂತ ಹಿರ್ಯಾರು ಫ್ಲ್ಯಾಶ್ ಹಾಕಗೊಡಲಿಲ್ಲ."

ಒಂದು ಫೋಟೊ ನೋಡುತ್ತಿದ್ದಂತೆ ಸುಭಾಸರ ಮನಸ್ಸು ಬೈಲಹೊಂಗಲದ ಪೇಟೆಗೆ ಓಡಿತು. ಅಲ್ಲಿ ಅವರ ಅಪ್ಪನ ಸ್ಟುಡಿಯೋ ಇತ್ತು. ಕೆಂಪು ದೀಪದ ಕತ್ತಲೆ ಕೋಣೆ, ಔಷಧದ ಘಾಟು, ತೊಟ್ಟಿಯ ನೀರಿನಲ್ಲಿ ಮೆಲ್ಲಗೆ ಮೂಡುವ ಮುಖಗಳು. ಎಂಥ ಚೆಂದದ ದಿನಗಳವು! ಮದುವೆ ಜೋಡಿ ಉಸಿರು ಬಿಗಿಹಿಡಿದು ಕುಳಿತರೆ ಬಾಗಿಲ ಸಂದಿಯಲ್ಲಿ ನಿಂತ ಸುಭಾಸರಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಪ್ಪ ಗದರುತ್ತಿದ್ದರು: "ಬೆಳಕ ಕಡಿಮಿ ಇದ್ರ ಕ್ಯಾಮೆರಾ ಬಹಳೊತ್ತ ಕಣ್ಣ ತೆರಕೊಂಡ ಕುಂದರತೈತಿ. ಅಷ್ಟ್ರಾಗ ಯಾರು ಅಲುಗತಾರ, ಅವರ ಮಸಕ." ಈಗಿನ ಮೊಬೈಲಿಗೆ ಎಷ್ಟೇ ಜಂಬವಿದ್ದರೂ ಕತ್ತಲೆಯಲ್ಲಿ ಅದರದೂ ಅದೇ ಪಾಡು.

"ದುರ್ಗಪ್ಪ, ಬಾಳೇಶನ ಕೈ ನಡುಗಿದ್ರ ಎಲ್ಲಾನೂ ಮಸಕ ಆಗಬೇಕಿತ್ತು. ಇಲ್ಲಿ ಕಂಬ, ತೊಟ್ಟಿಲ ಹಗ್ಗ, ಎಲ್ಲಾ ನೆಟ್ಟಗ ಅದಾವು."

ಖತಿಜಾಬಿಯಂತೂ ಹಳೇ ಕಾಲದ ಸ್ಟುಡಿಯೋದಲ್ಲಿ ಕುಳಿತವಳಂತೆ ಎರಡೂ ಕೈ ತೊಡೆಯ ಮೇಲಿಟ್ಟು ಕಲ್ಲಾಗಿದ್ದಳು. ಬಳೆಗಳ ಗೆರೆಗಳೂ ಕಾಣುತ್ತಿದ್ದವು. ತೊಟ್ಟಿಲ ತಲೆಯ ಕಡೆ ನಿಂತವಳೊಬ್ಬಳೇ ಮುಖವಿಲ್ಲದ ಹೊಗೆ. ಅವಳ ಕೈ ಕೂಸಿನ ನಡುವಿನಿಂದ ಸೆರಗಿನವರೆಗೆ ಎಳೆದುಹೋಗಿತ್ತು. ಆ ಮಸುಕಿನಲ್ಲಿ ತೆಳ್ಳನೆಯದೊಂದು ಬಿಳಿ ಗೆರೆ.

"ಬೆಳ್ಳಿರಿ ಸಾಹೇಬ್ರ," ಎಂದರು ದುರ್ಗಪ್ಪ.

"ತಲಿಕಡೆ ಯಾರ ನಿಂತಿದ್ರು?"

ಶಂಕ್ರೆಪ್ಪ ಮೊಬೈಲಿನತ್ತ ಬಗ್ಗಿದರು. "ಹೆಸರ ಕರಿಯಾಕಿ ಸ್ವಾದರತ್ತಿ ಅಲ್ರಿ... ನನ್ನ ಮಗಳು ಬೀರವ್ವ." ಜೊತೆಗೇ ಸೇರಿಸಿದರು: "ಮನಿ ಮಾತು. ಕೇಸ್ ಬಿಟ್ಟಬಿಡ್ರಿ."

"ಖತಿಜಾಬಿ ಹೆಸರ ಬರಸುವಾಗ ಮನಿ ಮಾತ ಆಗಿರಲಿಲ್ಲೇನು?"

ಖತಿಜಾಬಿಯ ತಪ್ಪಿಲ್ಲವೆಂದು ಓಣಿಯ ಜನರೆದುರೇ ಶಂಕ್ರೆಪ್ಪನವರಿಂದ ಹೇಳಿಸಿ ಸುಭಾಸ ಜೀಪು ಹತ್ತಿದರು.

ನಾಲ್ಕು ಗಂಟೆಗೆ ಕಟಕೋಳದಲ್ಲಿ, ಬೀರವ್ವನ ಗಂಡನ ಮನೆಯಲ್ಲಿ, ಮಹಿಳಾ ಕಾನ್‌ಸ್ಟೇಬಲ್ ರಾಣಿ ಹುಡುಕಾಟಕ್ಕೆ ಇಳಿಯುವ ಮೊದಲೇ ಬೀರವ್ವ ಟ್ರಂಕಿನಿಂದ ಉಡದಾರ ತೆಗೆದುಕೊಟ್ಟಳು. ಪಂಚರ ಸಮಕ್ಷಮ ಜಪ್ತಿ ಪಂಚನಾಮೆಯಾಯಿತು. ಅವಳನ್ನು ಬಂಧಿಸಲಾಯಿತು.

"ಯಾಕ ತಗೊಂಡ್ರಿ?"

"ಮೊದಲ ಇದು ನನ್ನ ಮಗನ ನಡದಾಗ ಇತ್ರಿ. ಅಂವಾ ಜ್ವರದಾಗ ಹೋದ ಮ್ಯಾಲ ಅಪ್ಪ ತಿರುಗಿ ಒಯ್ದ." ಅವಳು ಗೋಡೆಯ ಮೇಲಿದ್ದ ಸಣ್ಣ ಫೋಟೊ ತೋರಿಸಿದಳು. "ಅವಂದು ಇದೊಂದ ಫೋಟೊ. ಮನಿ ಒಳಗ ತಗದದ್ದು. ತಲಿ ಆಕಡೆ ಈಕಡೆ ಹೊಳ್ಳಸೋದು, ಕೈಕಾಲ ಬಡಿಯೋದು ಬಿಡಲೇ ಇಲ್ಲ ನನ್ನ ಮಗ. ಮಾರಿನ ಕಾಣಂಗಿಲ್ರಿ. ಉಡದಾರ ಒಂದ ಚಂದ ಬಂದೈತಿ."

ಸುಭಾಸ ಬಹಳ ಹೊತ್ತು ಆ ಫೋಟೊ ನೋಡಿದರು. ದುರ್ಗಪ್ಪ ಜಪ್ತಿ ಚೀಲಕ್ಕೆ ಮೊಹರು ಹಾಕಲು ಅರಗು ಕಾಯಿಸುತ್ತಿದ್ದರು. ಅದು ಕರಗುವವರೆಗೆ ಉಡದಾರ ಅವಳ ಕೈಯಲ್ಲೇ ಇರಲಿ ಎಂದು ಸುಭಾಸ ರಾಣಿಗೆ ಸನ್ನೆ ಮಾಡಿದರು.