ಹರಳಿನೊಳಗಿನ ಗೆರೆ

"ಮುಂದಿನವರು ಬನ್ನಿ..." ಎನ್ನುತ್ತಾ ಕಾತ್ಯಾಯಿನಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದಳು.

ಎದುರಿಗೆ ನಿಂತಿದ್ದವನು ಅವಳ ಗಂಡ ಚಿದಾನಂದ್!

ಅವಳು ಯಡಿಯೂರಿನ ಮನೆ ಬಿಟ್ಟು ಕೋಣನಕುಂಟೆಯ ತವರಿಗೆ ಬಂದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಎದೆ ಧಸಕ್ ಎನ್ನಬೇಕಿತ್ತು. ಏನೂ ಆಗಲಿಲ್ಲ. ಏಳು ತಿಂಗಳ ಹೆಣ್ಣುಮಗು ಹೊಟ್ಟೆಯಲ್ಲೇ ತೀರಿಹೋದ ದಿನದಿಂದ ಅವಳಿಗೆ ಯಾವುದೂ ತಾಗುತ್ತಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದ ಬನಶಂಕರಿಯ ಸಂಶೋಧನಾ ಸಂಸ್ಥೆಯ ಲ್ಯಾಬ್ ಅಂದು ಸಾರ್ವಜನಿಕರಿಗೆ ತೆರೆದಿತ್ತು.

"ನಾನೂ ನೋಡಬಹುದಾ?"

"ನೋಡಿ."

ಅವನು ಬಗ್ಗಿದ. ಸಕ್ಕರೆ ಕಾಳಿಗಿಂತ ಚಿಕ್ಕದಾದ, ಬಣ್ಣವಿಲ್ಲದ ಹರಳು ತಣ್ಣಗಾಗುತ್ತಾ ಒಂದು ತುದಿಯಿಂದ ನೇರಳೆಯಾಗುತ್ತಿತ್ತು.

"ಒಂದು ಗೆರೆ ಸರೀತಿದೆ..."

"ಡೊಮೇನ್ ವಾಲ್. ತಣ್ಣಗಾದಾಗ ಇದರೊಳಗಿನ ಅಣುಗಳ ಸ್ಪಿನ್, ಅಂದ್ರೆ ಎಲೆಕ್ಟ್ರಾನ್‌ಗಳ ಜೋಡಣೆ, ಬದಲಾಗುತ್ತೆ, ಕಾಂತಗುಣ ಹೋಗುತ್ತೆ, ಬಣ್ಣ ಬರುತ್ತೆ. ಬದಲಾದ ಕಡೆಗೂ ಬದಲಾಗದ ಕಡೆಗೂ ನಡುವಿನ ಗಡಿ ಅದು. ಹೇಗೆ ಸರಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನೋಡ್ತೀವಿ."

ಬೆಳಗಿನಿಂದ ಎಲ್ಲರಿಗೂ ಹೇಳಿದ್ದ ಅದೇ ಮಾತು, ಅದೇ ಸಪ್ಪೆ ದನಿ.

"ಆಸ್ಪತ್ರೆಯಿಂದ ಬಂದ ವಾರಕ್ಕೇ ಇದನ್ನ ನೋಡೋಕಾ ಓಡಿ ಬಂದಿದ್ದು?"

ಹಿಂದೆ ನಿಂತಿದ್ದವರು ಕೆಮ್ಮಿದರು. ಕಾತ್ಯಾಯಿನಿ ಜೊತೆಗಾತಿ ಚೈತನ್ಯಳಿಗೆ ಮೈಕ್ರೋಸ್ಕೋಪ್ ಒಪ್ಪಿಸಿ ಹೊರಗೆ ವರಾಂಡಕ್ಕೆ ಬಂದಳು. ಅವನೂ ಬಂದ.

ಆಸ್ಪತ್ರೆಯಿಂದ ಬಂದ ವಾರಕ್ಕೆ ಅವಳು ಲ್ಯಾಬಿಗೆ ಹೋಗಿ ಬಂದ ಸಂಜೆ ಅವನು ಕೂಗಿದ್ದ. "ನಿನಗೆ ಆ ಹರಳೇ ಹೆಚ್ಚಾ? ಒಂದು ತೊಟ್ಟು ಕಣ್ಣೀರಾದ್ರೂ ಬಂತಾ? ಕಲ್ಲು ನೀನು!" ಅವಳು ಬಟ್ಟೆ ತುಂಬಿಕೊಂಡು ಹೊರಟಿದ್ದಳು.

ಉತ್ತರ ಈಗ ಬಂತು.

"ಮನೇಲಿ ಅತ್ತೆ ಆಸೆಯಿಂದ ಹೊಲಿದಿಟ್ಟ ಕುಲಾವಿ ಇತ್ತು. ಲ್ಯಾಬಲ್ಲಾದ್ರೆ ಒಂದು ಗೆರೆ ನೋಡ್ತಿದ್ರೆ ಸಾಕು ಅನ್ಕೊಂಡೆ. ಅದನ್ನೂ ನೋಡ್ಲಿಲ್ಲ ರೀ. ಯಾವಾಗ ದಾಟಿ ಹೋಯ್ತೋ... ಹರಳು ಪೂರ್ತಿ ನೇರಳೆ ಆಗಿತ್ತು. ಕ್ಯಾಮೆರಾ ಕೂಡ ಆನ್ ಮಾಡಿರ್ಲಿಲ್ಲ. ಸುಮ್ನೆ ಕೂತಿದ್ದೆ. ಅಳು ಈಗ್ಲೂ ಬರ್ತಿಲ್ಲ. ನೀವು ಹೇಳಿದ್ದು ನಿಜ ಇರಬೇಕು... ನಾನು ಕಲ್ಲೇ."

ಚಿದಾನಂದ್ ಗೋಡೆಗೆ ಒರಗಿದ.

"ನಾನೂ ಅತ್ತಿಲ್ಲ, ಕಾತ್ಯಾ."

ಅವಳು ತಲೆಯೆತ್ತಿದಳು.

"ಆಸ್ಪತ್ರೆಯಿಂದ ಬಂದ ಮಾರನೇ ದಿನಾನೇ ಅಂಗಡಿ ಶಟರ್ ಎತ್ತಿದೆ. ಯಾರೋ ಬಾತ್‌ರೂಮ್ ಟೈಲ್ಸ್ ಕೇಳಿದ್ರು, ತೋರಿಸ್ದೆ. ನೀನು ಅತ್ರೆ ನಾನೂ ಅಳಬಹುದು ಅಂತ ಕಾಯ್ತಿದ್ದೆ. ನೀನು ಅಳ್ಲಿಲ್ಲ... ಸಿಟ್ಟು ಬಂತು. ತಪ್ಪು ನಂದು ಕಣೇ."

'ಇವರಿಗೂ ಹೀಗೇ ಆಗಿತ್ತಾ?'

ಎದೆಯಲ್ಲಿ ಏನೂ ಉಕ್ಕಲಿಲ್ಲ. ಆದರೂ ಅವನು ಕೈ ಹಿಡಿದಾಗ ಅವಳು ಬಿಡಿಸಿಕೊಳ್ಳಲಿಲ್ಲ.

"ಮನೆಗೆ ಬಾ. ಅಳು ಬಂದಾಗ ಬರ್ಲಿ. ಬರದಿದ್ರೂ ಸರಿ. ನೀನಿಲ್ದೆ ನಂಗೆ ಆಗ್ತಿಲ್ಲ."

"ಬರ್ತೀನಿ..." ಎಂದವಳು ಅವನತ್ತ ತಿರುಗಿದಳು. "ನಾನವಳಿಗೆ ಹೆಸರಿಟ್ಟಿದ್ದೆ ರೀ. ಯಾರಿಗೂ ಹೇಳಿಲ್ಲ."

"ಏನಂತ?"

"ಇಂಚರ."

ಅವನು ಮೆಲ್ಲಗೆ ಹೇಳಿನೋಡಿದ.

"ಇಂಚರ..."

"ಇನ್ನೊಂದ್ಸಲ ಹೇಳಿ."

"ಇಂಚರ. ನಮ್ಮ ಇಂಚರ."