ಅವಳ ಪರವಾಗಿ ಮಾತಾಡಿದವನು

ಬೀಪ್... ಬೀಪ್... ಬೀಪ್!

ಮಂಗಳೂರು ವಿಮಾನ ನಿಲ್ದಾಣದ ತಪಾಸಣೆಯ ಚೌಕಟ್ಟು ಕೂಗಿಕೊಂಡಾಗ ಸಾಲಿನಲ್ಲಿದ್ದವರೆಲ್ಲ ತಲೆ ಎತ್ತಿದರು. ನಿರೀಕ್ಷಾ ಮಾತ್ರ ಬೆಚ್ಚಲಿಲ್ಲ. ಅದು ಕೂಗದೇ ಇದ್ದಿದ್ದರೆ ಅವಳಿಗೆ ಆಶ್ಚರ್ಯವಾಗುತ್ತಿತ್ತು!

ಕೊಟ್ಟಾರದ ಹೈವೇಯಲ್ಲಿ ಒಂದು ಪಿಕಪ್ ಗಾಡಿ ಅವಳ ಸ್ಕೂಟರಿಗೆ ಗುದ್ದಿದ ಮೇಲೆ ಎಡ ತೊಡೆಯೊಳಗೆ ಸ್ಟೀಲಿನ ರಾಡ್ ಕೂತಿದೆ. ನಡೆಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ಯಂತ್ರಕ್ಕೆ ಮಾತ್ರ ಗೊತ್ತಾಗುತ್ತದೆ, ಮತ್ತು ಅದಕ್ಕೆ ಗುಟ್ಟು ಇಟ್ಟುಕೊಂಡು ಅಭ್ಯಾಸವಿಲ್ಲ.

ಏನು ಹೇಳಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಮುಗುಳ್ನಗೆ, ಆಮೇಲೆ ರಾಡಿನ ವಿಷಯ, ಆಮೇಲೆ ಜೇಬಿನಲ್ಲಿ ಮಡಚಿಟ್ಟಿರುವ ಎಕ್ಸ್‌ರೇ ಚಿತ್ರ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಪಕ್ಕದ ಸಾಲಿನಿಂದ ಗಂಡಸಿನ ದೊಡ್ಡ ದನಿಯೊಂದು ಹಿಂದಿಯಲ್ಲಿ ಕೇಳಿಸಿತು.

"ಸರ್, ಮೇಡಮ್ಮಿನ ಕಾಲಿನಲ್ಲಿ ರಾಡ್ ಇದೆ! ಪಾಪ, ತೊಂದರೆ ಕೊಡಬೇಡಿ!"

ಸಾಲಿನ ಕಣ್ಣುಗಳೆಲ್ಲ ಒಟ್ಟಿಗೆ ಅವಳ ಕಾಲಿನ ಮೇಲೆ ಬಿದ್ದವು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು 'ಅಯ್ಯೋ' ಅಂದೇಬಿಟ್ಟಳು.

ಪಾಪ! ಜಗತ್ತಿನಲ್ಲಿ ನಿರೀಕ್ಷಾಳಿಗೆ ಆಗದ ಒಂದೇ ಒಂದು ಶಬ್ದವಿದ್ದರೆ ಅದು ಇದೇ. ಅವಳು ಗಕ್ಕನೆ ತಿರುಗಿದಳು. ನೀಲಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ಕೂದಲು, ದೊಡ್ಡ ಉಪಕಾರ ಮಾಡಿದವನ ಮುಖ.

"ನೀವು ಯಾರು?"

"ನಾನು... ಹಿತೇಶ್. ಜೆಪ್ಪುವಿನವ."

"ನನ್ನ ಕಾಲಲ್ಲಿ ರಾಡ್ ಉಂಟು ಅಂತ ನಿಮಗೆ ಹೇಳಿದ್ದು ಯಾರು?"

"ಅದು... ಹೆಲ್ಪ್ ಆಗ್ಲಿ ಅಂತ..."

"ರಾಡ್ ಇರುವುದು ಕಾಲಲ್ಲಿ ಮಾರಾಯ್ರೇ, ಬಾಯಿ ಸರಿ ಉಂಟು! ನನ್ನ ಮಾತು ನಾನೇ ಆಡ್ತೇನೆ."

ಅಷ್ಟು ಹೇಳಿ ಅವಳು ಮಹಿಳಾ ಸಿಬ್ಬಂದಿಯ ಜೊತೆ ಪರದೆಯ ಒಳಗೆ ಹೋದಳು. ಆಕೆ ಎಕ್ಸ್‌ರೇ ನೋಡಿ, ಕೈಯಂತ್ರ ಆಡಿಸಿ, ಸೌಮ್ಯವಾಗಿಯೇ ತಪಾಸಣೆ ಮುಗಿಸಿದರು. ನಿರೀಕ್ಷಾಳ ತಲೆಯೊಳಗೆ ಮಾತ್ರ ಒಂದೇ ಪ್ರಶ್ನೆ ಕುದಿಯುತ್ತಿತ್ತು.

ಇವನಿಗೆ ಹೇಗೆ ಗೊತ್ತು...?

ಉತ್ತರ ಹೊರಗೆ ಮೇಜಿನ ಮೇಲೆ ಅವಳಿಗಾಗಿ ಕಾಯುತ್ತಿತ್ತು!

ಹಿತೇಶನ ಕೈಚೀಲವನ್ನು ಅಧಿಕಾರಿಯೊಬ್ಬರು ತೆರೆಯುತ್ತಿದ್ದರು. ಹಳೆಯ ಪೇಪರು ಸುತ್ತಿ ಬಾಳೆನಾರು ಬಿಗಿದ ಒಂದು ಕಟ್ಟು ಹೊರಬಂತು. ಪೇಪರು ಹರಿದಾಗ ಮೊದಲು ಕಂಡದ್ದು ಹಲ್ಲು ಹಲ್ಲಿನ ದುಂಡು ಕಬ್ಬಿಣದ ನಾಲಗೆ, ಆಮೇಲೆ ಮರದ ಮಣೆ.

ಹೆರೆಮಣೆ! ತೆಂಗಿನಕಾಯಿ ತುರಿಯುವ ಹೆರೆಮಣೆ!

"ಇದೇನು ಆಯುಧ?" ಅಧಿಕಾರಿ ಹಿಂದಿಯಲ್ಲಿ ಕೇಳಿದರು.

"ತೆಂಗಿನಕಾಯಿ... ಸರ್... ಹೀಗೆ ಕೂತುಕೊಂಡು..." ಹಿತೇಶ ಅಲ್ಲೇ ಅರ್ಧ ಕುಕ್ಕರಿಸಿ ಗಾಳಿಯಲ್ಲಿ ಕಾಯಿ ತುರಿದು ತೋರಿಸಿದ.

ನಿರೀಕ್ಷಾಳಿಗೆ ನಗು ಬಂತು. ಆದರೆ ಆ ನಗು ಅರ್ಧಕ್ಕೇ ನಿಂತುಹೋಯಿತು. ಮಣೆಯ ಒಂದು ಮೂಲೆ ಸುಟ್ಟು ಕಪ್ಪಾಗಿತ್ತು. ಅಜ್ಜ ನೋಣಯ್ಯ ಒಮ್ಮೆ ಬೀಡಿ ಇಟ್ಟು ಮರೆತದ್ದರ ಗುರುತು ಅದು. ದೇರೆಬೈಲಿನ ಅವಳ ಅಡುಗೆಮನೆಯ ಹೆರೆಮಣೆ!

ಬಹರೈನಿನಲ್ಲಿರುವ ಅಕ್ಕ ಪ್ರಾಪ್ತಿಗೆ ಈಗ ಏಳು ತಿಂಗಳು. ಡಾಕ್ಟರು ಪ್ರಯಾಣ ಬೇಡ ಅಂದಿದ್ದರಿಂದ ಬಯಕೆಯ ಶಾಸ್ತ್ರ, ಅಂದರೆ ಸೀಮಂತ, ಅಲ್ಲೇ ನಡೆಯಲಿತ್ತು. 'ನನಗೆ ಮಿಕ್ಸಿಯಲ್ಲಿ ಹುಡಿ ಮಾಡಿದ ಕಾಯಿ ಬೇಡ, ಹೆರೆದದ್ದೇ ಬೇಕು' ಅಂತ ಅವಳು ಫೋನಿನಲ್ಲಿ ಹಟ ಹಿಡಿದಿದ್ದಳು. ಹೆರೆಮಣೆ ಹೊರುವುದಿಲ್ಲ ಅಂತ ನಿರೀಕ್ಷಾ ಖಡಾಖಂಡಿತವಾಗಿ ಹೇಳಿದ್ದಳು. ಅಮ್ಮ ಹೇಮಾಕ್ಷಿ ಸುಮ್ಮನಾಗಿದ್ದರು. ಹೇಮಾಕ್ಷಿ ಸುಮ್ಮನಾದರೆ ಕೆಲಸ ಬೇರೆ ದಾರಿಯಲ್ಲಿ ನಡೆಯುತ್ತಿದೆ ಅಂತಲೇ ಅರ್ಥ!

ನಮ್ಮ ಕಡೆ ಗಲ್ಫಿಗೆ ಹೋಗುವವರ ಪೆಟ್ಟಿಗೆ ಎಂದಾದರೂ ಅವರೊಬ್ಬರದೇ ಆಗಿರುತ್ತದೆಯೇ? ಒಬ್ಬರ ಉಪ್ಪಿನಕಾಯಿ, ಇನ್ನೊಬ್ಬರ ಹಪ್ಪಳ, ಮತ್ತೊಬ್ಬರ ಮಗನ ಅಂಗಿ... ಕಟ್ಟು ಬಿಚ್ಚಿ ನೋಡಿದರೆ ಕೊಟ್ಟವರಿಗೆ ಬೇಜಾರು. ಹಿತೇಶನೂ ಬಿಚ್ಚಿರಲಿಲ್ಲ.

"ಇದು ಯಾರದ್ದು? ಬೇರೆಯವರು ಕೊಟ್ಟದ್ದಾ?" ಅಧಿಕಾರಿಯ ದನಿ ಗಟ್ಟಿಯಾಯಿತು.

ಹಿತೇಶ ಅವಳತ್ತ ಒಮ್ಮೆ ನೋಡಿದ. "ನನ್ನದೇ ಸರ್."

ಇವನಿಗೆ ಮಂಡೆ ಸರಿ ಉಂಟಾ? ಅವಳು ಮುಂದೆ ಬಂದಳು. "ಅಲ್ಲ ಸರ್, ಅದು ನಮ್ಮ ಮನೆಯದ್ದು. ನನ್ನ ಅಮ್ಮ ಇವರ ಕೈಯಲ್ಲಿ ಕಳಿಸಿದ್ದಾರೆ. ಅಡುಗೆಯ ವಸ್ತು. ಕೈಚೀಲದಲ್ಲಿ ಇಡಬಾರದಿತ್ತು, ತಪ್ಪು ನಮ್ಮದು. ವಿಮಾನದವರನ್ನು ಕರೆಸಿದರೆ ದೊಡ್ಡ ಲಗೇಜಿಗೆ ಹಾಕಬಹುದಲ್ಲ?"

ಅವಳ ಹಿಂದಿಯಲ್ಲಿ ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು, ಧೈರ್ಯ ಕುಂಟಲಿಲ್ಲ. ಅಧಿಕಾರಿ ಇಬ್ಬರ ಪಾಸ್‌ಪೋರ್ಟನ್ನೂ ನೋಡಿದರು, ಹಿತೇಶನಿಗೆ ಚೆನ್ನಾಗಿ ಬೈದರು, ಕೊನೆಗೆ ಒಪ್ಪಿದರು. ಹೆರೆಮಣೆ ಹೆಸರಿನ ಚೀಟಿ ಅಂಟಿಸಿಕೊಂಡು ಕೆಳಗೆ ಹೋಯಿತು.

ನಿರೀಕ್ಷಾ ಗೇಟಿನ ಬಳಿ ಕುರ್ಚಿ ಹಿಡಿದು ಮನೆಗೆ ಫೋನ್ ಮಾಡಿದಳು.

"ಅಮ್ಮಾ, ಜೆಪ್ಪುವಿನ ಹಿತೇಶ್ ಅಂದ್ರೆ ಯಾರು?"

"ಸಿಕ್ಕಿದನಾ? ಒಳ್ಳೆ ಹುಡುಗ ಮಗಾ! ಬಹರೈನಿನಲ್ಲಿ ಎಸಿ ಕಂಪೆನಿಯಲ್ಲಿ ಸೂಪರ್‌ವೈಸರ್. ರಜೆ ಮುಗಿಸಿ ಹೋಗ್ತಾ ಇದ್ದಾನೆ. ನಿನ್ನ ಫೋಟೋ ನೋಡಿದ್ದಾನೆ. ರಾಡಿನ ವಿಷಯ ನಾನೇ ಮೊದಲು ಹೇಳಿದೆ. ಸೆಕ್ಯುರಿಟಿಯಲ್ಲಿ ಸ್ವಲ್ಪ ನೋಡ್ಕೊ ಅಂತಲೂ ಹೇಳಿದೆ..."

"ಹಾಗಾದ್ರೆ ಇದು ಹೆಣ್ಣು ನೋಡುವ ಶಾಸ್ತ್ರ! ವಿಮಾನದಲ್ಲಿ!"

"ಮನೆಗೆ ಬರ್ಲಿಕ್ಕೆ ನೀನು ಯಾರನ್ನೂ ಬಿಡುವುದಿಲ್ಲವಲ್ಲ! ನಾನು ಎಂತ ಮಾಡುವುದು?"

ಅವಳು ಫೋನ್ ಇಟ್ಟಳು. ಕಣ್ಣು ಉರಿಯಿತು. ಇದಕ್ಕಿಂತ ಆ ಚೌಕಟ್ಟು ವಾಸಿ... ಅದು ಕೂಗಿಯೇ ತಪಾಸಣೆ ಮಾಡುತ್ತದೆ.

ಹಿತೇಶ ಎರಡು ಲೋಟ ಚಹಾ ಹಿಡಿದು ಬಂದ. ಕೂರಲು ಧೈರ್ಯ ಸಾಲದೆ ನಿಂತೇ ಇದ್ದ.

"ಸಾರಿ. ನಿಮಗೆ ಎಲ್ಲ ಗೊತ್ತುಂಟು ಅಂತ ಗ್ರಹಿಸಿದ್ದೆ."

"ಕೂತ್ಕೊಳ್ಳಿ." ಅವಳು ಚಹಾ ತೆಗೆದುಕೊಂಡಳು. ಕೋಪ ಬೇರೆ, ಚಹಾ ಬೇರೆ. "ಕಳೆದ ವರ್ಷ ಒಬ್ಬರು ನನ್ನನ್ನು ನೋಡ್ಲಿಕ್ಕೆ ಬಂದಿದ್ರು. ಹುಡುಗನ ದೊಡ್ಡಮ್ಮ ಹೇಳಿದ್ರು, 'ಕಿಟಕಿಯಿಂದ ಬಾಗಿಲ ತನಕ ಒಮ್ಮೆ ನಡಿ ಮಗಾ, ನೋಡುವಾ.' ನಾನು ನಡೆದೆ! ಎಲ್ಲರೂ ನನ್ನ ಕಾಲು ನೋಡಿದ್ರು. ಆಮೇಲೆ ಫೋನ್ ಬರ್ಲಿಲ್ಲ. ಅವತ್ತು ನಿರ್ಧಾರ ಮಾಡಿದ್ದು, ಇನ್ನು ಯಾರ ಎದುರೂ ನಡೆದು ತೋರಿಸುವುದಿಲ್ಲ ಅಂತ. ಇವತ್ತು ನೀವು ಪೂರ್ತಿ ಸಾಲಿಗೆ ನನ್ನ ಕಾಲು ತೋರಿಸಿದ್ರಿ."

ಹಿತೇಶ ಸಮಜಾಯಿಷಿ ಕೊಡಲಿಲ್ಲ, 'ನನ್ನ ಉದ್ದೇಶ ಒಳ್ಳೆಯದಿತ್ತು' ಅನ್ನಲಿಲ್ಲ. ಅದು ಅವಳ ಗಮನಕ್ಕೆ ಬಂತು.

"ತಪ್ಪಾಯ್ತು," ಅಂದ. "ಮುಂದಿನ ನಿಲ್ದಾಣದಲ್ಲಿ ಇನ್ನೊಂದು ಚೆಕಿಂಗ್ ಉಂಟಲ್ಲ... ಅಲ್ಲಿ ನಾನು ಎಂತ ಮಾಡ್ಬೇಕು? ನೀವೇ ಹೇಳಿ."

ಅವಳಿಗೆ ಭಯವಿದ್ದದ್ದು ಮಂಗಳೂರಿನದ್ದಲ್ಲ, ಆ ಇನ್ನೊಂದರದ್ದು. ಎರಡು ವರ್ಷದ ಹಿಂದೆ ಅಕ್ಕನ ಮನೆಯಿಂದ ವಾಪಸು ಬರುವಾಗ, ವಿಮಾನ ಬದಲಿಸುವ ಅದೇ ಪರದೇಶದ ನಿಲ್ದಾಣದಲ್ಲಿ ಅವಳನ್ನು ಒಂದು ಕೋಣೆಗೆ ತಳ್ಳಿದಂತೆ ಕರೆದೊಯ್ದಿದ್ದರು. ಬಾಗಿಲು ಅರ್ಧ ತೆರೆದೇ ಇತ್ತು. ಬಟ್ಟೆ ತೆಗೆಯಲು ಹೇಳಿದ್ದರು. ಭಾಷೆ ಬಾರದೆ, ಏನು ಕೇಳಬಹುದೆಂದು ತಿಳಿಯದೆ ಅವಳು ತೆಗೆದಿದ್ದಳು. ಹೊರಗೆ ಬರುವಾಗ ತಪಾಸಣೆಯ ಬೆಲ್ಟಿನ ಮೇಲೆ ಬಿಟ್ಟಿದ್ದ ಫೋನೂ ಇರಲಿಲ್ಲ. ಆಮೇಲೆ ಅಕ್ಕ ಎಷ್ಟು ಕರೆದರೂ ಅವಳು ಹೋಗಿರಲಿಲ್ಲ. ಕೆಲಸ, ರಜೆ ಇಲ್ಲ ಎಂದು ಸುಳ್ಳು ಹೇಳಿದ್ದಳು. ಈ ಸಲ ಆ ಕೋಣೆಯನ್ನು ಗೆಲ್ಲದಿದ್ದರೆ ಅಕ್ಕನ ಮಗುವನ್ನು ತಾನು ಬರೀ ಫೋನಿನಲ್ಲೇ ನೋಡಬೇಕಾದೀತು ಎಂದು ಹೆದರಿ ಹೊರಟುಬಂದವಳು ಅವಳು.

ಇದನ್ನೆಲ್ಲ ಅಮ್ಮನಿಗೂ ಹೇಳಿರಲಿಲ್ಲ. ಅವನಿಗೆ ಯಾಕೆ ಹೇಳಿದಳೋ, ಅವಳಿಗೇ ತಿಳಿಯಲಿಲ್ಲ!

ಹಿತೇಶನ ಮುಖ ಕೆಂಪಾಯಿತು. ಆದರೆ ಈ ಸಲ 'ಪಾಪ' ಅನ್ನಲಿಲ್ಲ.

"ನನ್ನ ಪರವಾಗಿ ಮಾತಾಡ್ಬೇಡಿ," ಅಂದಳು. "ನನ್ನ ಬ್ಯಾಗು, ಫೋನು ನೋಡ್ಕೊಳ್ಳಿ. ಅಷ್ಟು ಸಾಕು."

"ಆಯ್ತು."

"ಯಾರು ಎಂತ ಹೇಳಿದ್ರೂ ಬಾಯಿ ತೆರೆಯಬಾರದು."

"ಈಗಲೇ ಮುಚ್ಚಿದೆ!" ಅಂದ. ಅವಳಿಗೇ ಗೊತ್ತಾಗದಂತೆ ನಗು ಬಂದುಬಿಟ್ಟಿತು.

* * *

ಬೀಪ್... ಬೀಪ್...!

ಅದೇ ನಿಲ್ದಾಣ, ಅದೇ ಬಿಳಿ ದೀಪಗಳು. ಎಕ್ಸ್‌ರೇ ತೋರಿಸಿದರೂ ಅಧಿಕಾರಿಣಿ ಅದನ್ನು ನೋಡದೆ, ಬೆರಳ ಸನ್ನೆಯಿಂದ ಕೋಣೆಯ ಕಡೆ ನಡೆಯಲು ಹೇಳಿದಳು. ನಿರೀಕ್ಷಾ ತಿರುಗಿ ನೋಡಿದಾಗ ಹಿತೇಶ ಬೆಲ್ಟಿನ ತುದಿಯಲ್ಲಿ ಅವಳ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದ. ತುಟಿ ಬಿಗಿದುಕೊಂಡಿದ್ದ.

ಕೋಣೆಯೊಳಗೆ ಆಕೆ ಸೊಂಟದತ್ತ ಕೈ ತೋರಿಸಿದಳು. ಪ್ಯಾಂಟು ತೆಗೆಯಬೇಕಂತೆ.

ಇಲ್ಲ. ಈ ಸಲ ಇಲ್ಲ!

ನಿರೀಕ್ಷಾ ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. "ಮೊದಲು ಬಾಗಿಲು ಹಾಕಿ. ಇನ್ನೊಬ್ಬ ಮಹಿಳಾ ಅಧಿಕಾರಿಯನ್ನು ಕರೆಯಿರಿ. ಕೈಯಂತ್ರದಿಂದ ಪರೀಕ್ಷೆ ಮಾಡಿ, ಬಟ್ಟೆಯ ಮೇಲಿಂದ ಕೈಯಲ್ಲಿ ಮುಟ್ಟಿ ನೋಡಿ. ಬಟ್ಟೆ ನಾನು ತೆಗೆಯುವುದಿಲ್ಲ. ಅದೇ ಬೇಕು ಅಂತಿದ್ದರೆ ನಿಮ್ಮ ಮೇಲಧಿಕಾರಿಯ ಹತ್ತಿರ ಮಾತಾಡುತ್ತೇನೆ. ನನಗೆ ಅವಸರವಿಲ್ಲ."

ಅವಸರ ಬೇಕಾದಷ್ಟಿತ್ತು. ಮುಂದಿನ ವಿಮಾನದ ಬೋರ್ಡಿಂಗ್ ಶುರುವಾಗುತ್ತಿತ್ತು. ಆದರೂ ಅವಳು ಕದಲಲಿಲ್ಲ.

ಆಕೆ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದಳು. ವಯಸ್ಸಾದ ಇನ್ನೊಬ್ಬ ಅಧಿಕಾರಿಣಿ ಬಂದರು. ಎಕ್ಸ್‌ರೇ ಚಿತ್ರವನ್ನು ಬಿಡಿಸಿ ನೋಡಿದರು, ಬಾಗಿಲು ಹಾಕಿದರು, ಕೇಳಿದ ಹಾಗೆಯೇ ಪರೀಕ್ಷೆ ಮಾಡಿ ಮುಗಿಸಿದರು. "ಸಾರಿ," ಅಂದರು ಸಣ್ಣ ದನಿಯಲ್ಲಿ.

ಅಷ್ಟೇ! ಎರಡು ವರ್ಷ ಹೆದರಿದ್ದು ಇಷ್ಟಕ್ಕೇ ಮುಗಿದಿತ್ತು. ನಿರೀಕ್ಷಾ ತಲೆ ಎತ್ತಿಕೊಂಡೇ ಹೊರಗೆ ಬಂದಳು.

ಹಿತೇಶ ಇದ್ದಲ್ಲೇ ಇದ್ದ. 'ಮುಂದೆ ಹೋಗು' ಅಂತ ಗಾರ್ಡ್ ಒಬ್ಬ ಅವನಿಗೆ ಗದರಿಸುತ್ತಿದ್ದ. ಅವನ ಬೂಟು ಇನ್ನೂ ಟ್ರೇಯಲ್ಲೇ ಇತ್ತು. ಕಾಲಿನ ಒಂದು ಸಾಕ್ಸ್ ಹರಿದು ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಬೈಗುಳ ತಿನ್ನುತ್ತಾ ಬಾಯಿ ಬಿಡದೆ, ಅವಳ ಬ್ಯಾಗನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದ.

ಅವನನ್ನು ನೋಡಿದ್ದೇ ತಡ, ಅವಳ ಎದೆಯೊಳಗೆ ಗಟ್ಟಿಯಾಗಿದ್ದದ್ದು ಏನೋ ಸಡಿಲವಾಯಿತು. ಈ ಮನುಷ್ಯ ನನಗೆ ಬೇಕು ಅಂತ ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

"ಇನ್ನು ಮಾತಾಡಬಹುದು," ಅಂದಳು.

ಅವನು ದೊಡ್ಡ ಉಸಿರು ಬಿಟ್ಟ. "ಆಯ್ತಾ?"

"ಆಯ್ತು. ನಾನು ಹೇಳಿದ ಹಾಗೆಯೇ ಆಯ್ತು."

ಇಬ್ಬರೂ ಗೇಟಿನ ಕಡೆ ಬೇಗ ಬೇಗ ನಡೆದರು. ಅವನು ಬೂಟಿನ ಲೇಸು ಕಟ್ಟಲೂ ನಿಲ್ಲಲಿಲ್ಲ.

"ಒಳಗೆ ಭಯ ಆಯ್ತಾ?" ಮೆಲ್ಲ ಕೇಳಿದ.

ಬೇರೆ ಯಾರು ಕೇಳಿದ್ದರೂ ಅವಳು ಇಲ್ಲ ಅನ್ನುತ್ತಿದ್ದಳು. "ಆಯ್ತು. ತುಂಬಾ."

"ನನಗೆ ಹೊರಗೆ ಆಯ್ತು," ಅಂದ ಅವನು. "ನಿರೀಕ್ಷಾ, ಒಂದು ಮಾತು. ಫೋಟೋ ನೋಡಿ ನಾನು ಹೂಂ ಅಂದದ್ದು ಹೌದು. ಆದರೆ ಇವತ್ತು ನೀವು ಆ ಅಧಿಕಾರಿಯ ಎದುರು ಬಂದು 'ಅದು ನಮ್ಮ ಮನೆಯದ್ದು' ಅಂದ್ರಲ್ಲ... ಆವಾಗಲೇ ನನ್ನ ಕಥೆ ಮುಗಿದಿತ್ತು. ನೀವು ಬೇಡ ಅಂದ್ರೂ ಬೇಜಾರಿಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ಬೇಜಾರುಂಟು. ನೀವು ನನಗೆ ತುಂಬಾ ಇಷ್ಟ."

ಅವಳು ನಡೆಯುವುದನ್ನು ನಿಲ್ಲಿಸಿದಳು. ಗೇಟಿನಲ್ಲಿ ಬಹರೈನಿನ ಹೆಸರು ಕೂಗುತ್ತಿದ್ದರು. ಅವಳಿಗೆ ಕಣ್ಣು ತುಂಬಿ ಬಂತು, ನಗುವೂ ಬಂತು.

"ಅಕ್ಕನ ಬಯಕೆಗೆ ಬನ್ನಿ," ಅಂದಳು. "ಶುಕ್ರವಾರ. ಮಧ್ಯಾಹ್ನ ಊಟ ಅಲ್ಲೇ."

"ಬರ್ತೇನೆ. ಆದರೆ ಅಲ್ಲಿ ಎಲ್ಲರೂ ಕೇಳ್ತಾರಲ್ಲ, ಇದು ಯಾರು ಅಂತ? ಎಂತ ಹೇಳುವುದು?"

"ನೀವು ಎಂತದ್ದೂ ಹೇಳುವುದು ಬೇಡ." ಅವಳು ಬ್ಯಾಗಿಗೆ ಕೈ ಚಾಚಲಿಲ್ಲ, ಅದನ್ನು ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. "ನಾನೇ ಹೇಳ್ತೇನೆ... ನಾನು ನೋಡಿ ಒಪ್ಪಿದ ಹುಡುಗ ಅಂತ."